ನಿಧಾನವಾಗಿ ಉಣ್ಣುವುದನ್ನು ರೂಢಿಸುವ ಎಂಟಿಆರ್ ಊಟ

ಬೆಂಗಳೂರಿನ ಲಾಲ್‌ಬಾಗ್ ರಸ್ತೆಯ ಮಾವಳ್ಳಿ ಟಿಫಿನ್ ರೂಮ್ಸ್ (ಎಂಟಿಆರ್) ಹೋಟೆಲಿನ ರವೆ ಇಡ್ಲಿ, ಮಸಾಲೆ ದೋಸೆಗಳನ್ನು ಹೊಗಳಿದವರು ಬಹಳ ಮಂದಿ. ಅಲ್ಲಿನ ಮಧ್ಯಾಹ್ನದ ಊಟದ ಬಗ್ಗೆ ಬರೆದದ್ದು ನನ್ನ ಕಣ್ಣಿಗೆ ಬಿದ್ದಿರುವುದು ಕಡಿಮೆ. ರುಚಿಯ ಮಾತು ಹಾಗಿರಲಿ, ಗಬಗಬನೆ ಉಣ್ಣುವ ಅಭ್ಯಾಸವನ್ನು ಬಿಡಬೇಕೆಂದಿರುವವರಿಗೆ ಈ ಊಟ ಏಕೆ ಉಪಯುಕ್ತ ಎಂಬುದನ್ನೇ ಇಲ್ಲಿ ಮುಖ್ಯವಾಗಿ ಹೇಳಬಯಸುತ್ತೇನೆ.

ಹೊಟ್ಟೆ ತುಂಬಿದ ಸುದ್ದಿ ಮಿದುಳಿಗೆ ಸರಿಯಾಗಿ ತಲುಪಲು ಸುಮಾರು 20 ನಿಮಿಷ ಬೇಕೆಂದು ವೈದ್ಯರು ಹೇಳುತ್ತಾರೆ. ಕರುಳಿನಿಂದ ಹೊರಡುವ ಹಾರ್ಮೋನುಗಳು ತಮ್ಮ ಕೆಲಸ ಮಾಡುವುದಕ್ಕೆ ಅಷ್ಟು ಅವಕಾಶ ಬೇಕು. ಹತ್ತೇ ನಿಮಿಷದಲ್ಲಿ ಊಟ ಮುಗಿಸಿ ಎದ್ದವನು ಸಾಕೆನ್ನಿಸುವ ಮೊದಲೇ ಬೇಕಾದ್ದಕ್ಕಿಂತ ಹೆಚ್ಚು ಉಂಡಿರುತ್ತಾನೆ. ಇದು ಎಲ್ಲರಿಗೂ ಗೊತ್ತಿರುವ ವಿಷಯವೇ. ಆದರೆ ನಮ್ಮ ಹೋಟೆಲುಗಳು ಇದಕ್ಕೆ ಅನುಕೂಲವಾಗಿಲ್ಲ. 1980ರ ದಶಕದಿಂದ ಬೆಂಗಳೂರಿನಲ್ಲಿ ಬೆಳೆದ ದರ್ಶಿನಿಗಳಲ್ಲಿ ನಿಂತುಕೊಂಡೇ ತಿನ್ನಬೇಕು. ಪ್ಲೇಟ್ ಊಟವೆಂದರೆ ಅನ್ನ, ಸಾರು, ಪಲ್ಯ, ಮೊಸರು ಎಲ್ಲವೂ ಒಟ್ಟಿಗೆ ಕಣ್ಣೆದುರು ಬಂದು ಕೂತಿರುತ್ತವೆ. ಎಲ್ಲ ಬಟ್ಟಲನ್ನೂ ಬೇಗ ಖಾಲಿ ಮಾಡಬೇಕೆಂಬ ಆತುರ ತಾನಾಗಿ ಹುಟ್ಟುತ್ತದೆ.

ಎಂಟಿಆರ್‌ನಲ್ಲಿ ಮೊದಲು ಹಣ್ಣಿನ ರಸ ಬರುತ್ತದೆ. ಆಮೇಲೆ ಕೋಸಂಬರಿ, ಪಲ್ಯ, ಚಟ್ನಿ, ಒಂದು ಪುಟ್ಟ ದೋಸೆ. ಅದಾದ ಮೇಲೆ ಬಿಸಿಬೇಳೆಬಾತ್, ಅದರ ಹಿಂದೆ ಅನ್ನ, ಸಾರು, ಹುಳಿ, ಮೊಸರನ್ನ. ಸಿಹಿ ಮತ್ತು ಪಲ್ಯಗಳು ದಿನಕ್ಕೆ ತಕ್ಕಂತೆ ಬದಲಾಗುತ್ತವೆ, ಕೊನೆಗೆ ಐಸ್‌ಕ್ರೀಮ್ ಹಾಕಿದ ಫ್ರೂಟ್ ಸಲಾಡ್ ಮತ್ತು ಬೀಡಾ. ನಮ್ಮ ಹಿರಿಯರು ಬಾಳೆಲೆಯ ಮೇಲೆ ಬಡಿಸುತ್ತಿದ್ದ ಕ್ರಮವೇ ಬಹುಮಟ್ಟಿಗೆ ಇಲ್ಲಿ ಉಳಿದಿದೆ. ಉಡುಪಿ ಸೀಮೆಯ ಕೋಟದ ಬಳಿಯ ಪಾರಂಪಳ್ಳಿಯಿಂದ ಬಂದ ಮಯ್ಯ ಸಹೋದರರು 1924ರಲ್ಲಿ ಆರಂಭಿಸಿದ ಹೋಟೆಲು ಇದು ಎಂಬುದನ್ನು ನೆನೆದರೆ, ಆ ಕ್ರಮದ ಬೇರು ಎಲ್ಲಿದೆ ಎಂಬುದು ತಿಳಿಯುತ್ತದೆ.

ಒಂದು ಪದಾರ್ಥ ಮುಗಿದ ಮೇಲೆ ಇನ್ನೊಂದು ಬರುವ ಈ ಪದ್ಧತಿಯಲ್ಲಿ ಕೈ ತಾನಾಗಿಯೇ ಬಿಡುವು ಪಡೆಯುತ್ತದೆ. ನಿಧಾನವಾಗಿ ತಿನ್ನಬೇಕೆಂದು ಮನಸ್ಸನ್ನು ಬಿಗಿಹಿಡಿದು ಕೂರುವ ಅಗತ್ಯವೇ ಬೀಳುವುದಿಲ್ಲ. ಬಿಸಿಬೇಳೆಬಾತ್ ಬಂದಾಗ ಇದು ಚೆನ್ನಾಗಿ ಗೊತ್ತಾಗುತ್ತದೆ. ಹಬೆಯಾಡುತ್ತಿರುವ, ತೆಳ್ಳಗೆ ಹರಿಯುವಷ್ಟು ಹದವಾಗಿರುವ ಬಾತ್‌ನ ಮೇಲೆ ತುಪ್ಪ ಬಿದ್ದ ಕೂಡಲೇ ಕೈ ಹಾಕಿದರೆ ಬೆರಳು ಸುಡುತ್ತದೆ. ಅಂಚಿನಿಂದ ಸ್ವಲ್ಪ ಸ್ವಲ್ಪವೇ ಎಳೆದುಕೊಂಡು, ಆರಿಸಿ, ಬಾಯಿಗಿಡಬೇಕಾಗುತ್ತದೆ. ಹಾಗೆ ತಡೆದು ಅಗಿದಾಗಲೇ ಮರಾಠಿ ಮೊಗ್ಗು, ಚಕ್ಕೆಗಳ ಘಮ ಒಂದೊಂದಾಗಿ ತಿಳಿಯುವುದು. ಚಮಚದಲ್ಲಿ ತಿಂದರೆ ಈ ತಡೆ ಇರುವುದಿಲ್ಲವಾದ್ದರಿಂದ ಕೈಯಲ್ಲೇ ಉಣ್ಣಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಸಕ್ಕರೆ ಕಾಯಿಲೆಯಿರುವ ನಮ್ಮ ತಂದೆಯವರಿಗೆ ಹಲ್ಲು ಕಟ್ಟಿಸಿದ ಮೇಲೆ ಅಗಿಯಲು ಹೊತ್ತು ಹಿಡಿಯುತ್ತದೆ. ಮದುವೆ ಛತ್ರಗಳಲ್ಲಿ ಮುಂದಿನ ಪಂಕ್ತಿಯವರು ಕುರ್ಚಿಯ ಹಿಂದೆ ಬಂದು ನಿಲ್ಲುವುದರಿಂದ ಅವರು ಅರ್ಧಕ್ಕೇ ಏಳುವುದುಂಟು. ಇಲ್ಲಿ ಅವರು ಬಡಿಸುವವರಿಗೆ, "ಸ್ವಲ್ಪ ತಡೀರಿ ಸ್ವಾಮಿ, ಇನ್ನೂ ಪಲ್ಯ ಮುಗಿದಿಲ್ಲ" ಎಂದರು. "ನಿಧಾನವಾಗಿ ಊಟ ಮಾಡಿ ಯಜಮಾನ್ರೇ, ಆಮೇಲೆ ಬಿಸಿಯಾಗಿ ತರ್ತೀನಿ" ಎಂದು ಬಡಿಸುವವರು ಪಕ್ಕದ ಮೇಜಿಗೆ ಹೋದರು. ಅಂದು ತಂದೆಯವರು ಎಂದಿಗಿಂತ ಕಡಿಮೆ ಉಂಡರು, ಆದರೆ ಹೊಟ್ಟೆ ತುಂಬ ಉಂಡೆನೆಂದು ಮನೆಯವರೆಗೂ ಹೇಳುತ್ತಿದ್ದರು.

ಹೋಗುವವರು ಕೆಲವು ಸಂಗತಿಗಳನ್ನು ತಿಳಿದಿರಬೇಕು. ದರ್ಶಿನಿಗೆ ಹೋಲಿಸಿದರೆ ಬೆಲೆ ಹೆಚ್ಚೇ, ಆದರೆ ಪದಾರ್ಥಗಳ ಸಂಖ್ಯೆಗೂ ತುಪ್ಪದ ಗುಣಕ್ಕೂ ಅದು ನ್ಯಾಯವಾದ ಬೆಲೆ. ಊಟ ದೊಡ್ಡದು, ಬೇಡವೆಂದು ಕೈ ಅಡ್ಡ ಹಿಡಿಯದಿದ್ದರೆ ತಟ್ಟೆ ತುಂಬುತ್ತಲೇ ಇರುತ್ತದೆ. ಬಡಿಸುವವರು ನಮ್ಮ ವೇಗಕ್ಕೆ ಹೊಂದಿಕೊಂಡು ನಡೆಯುವವರಾದ್ದರಿಂದ, ನಾವು ಅವಸರಪಟ್ಟರೆ ಬಕೆಟ್ಟುಗಳೂ ಅವಸರದಿಂದಲೇ ಬರುತ್ತವೆ. ಆದ್ದರಿಂದ ದೋಸೆಯನ್ನು ಪೂರ್ತಿ ಮುಗಿಸುವವರೆಗೆ ಬಾತ್ ಹಾಕಿಸಿಕೊಳ್ಳಬೇಡಿ, ಬಾತನ್ನು ಮೊದಲು ಅರ್ಧವೇ ಕೇಳಿ, ಅನ್ನಕ್ಕೆ ಹೊಟ್ಟೆಯಲ್ಲಿ ಜಾಗವಿಡಿ. ಭಾನುವಾರ ಚಂದ್ರಹಾರವೆಂಬ ಸಿಹಿತಿಂಡಿ ಸಿಗುತ್ತದೆಂದು ಜನ ಸೇರುತ್ತಾರೆ, ಕಾಯಬೇಕಾಗುತ್ತದೆ. ವಯಸ್ಸಾದವರನ್ನು ಕರೆದುಕೊಂಡು ಹೋಗುವುದಾದರೆ ವಾರದ ನಡುವಿನ ದಿನವೇ ಮೇಲು. ಎರಡು ಗಂಟೆಗೆ ಆಫೀಸಿನಲ್ಲಿ ಮೀಟಿಂಗ್ ಇದ್ದರೆ ಆ ದಿನ ಹೋಗಬೇಡಿ, ರಜೆಯ ಮಧ್ಯಾಹ್ನವನ್ನು ಇದಕ್ಕಾಗಿಯೇ ತೆಗೆದಿಟ್ಟು ಹೋಗಿ.