ಪೆಟ್ರೋಲ್ ಸ್ಕೂಟರ್, ವಿದ್ಯುತ್ ಸ್ಕೂಟರ್: ತೀರ್ಥಹಳ್ಳಿ ದಾರಿಯ ಹದಿನಾಲ್ಕು ತಿಂಗಳ ಲೆಕ್ಕ

ತೀರ್ಥಹಳ್ಳಿ ಪೇಟೆಗೂ ನಮ್ಮ ಮನೆಗೂ 18 ಕಿಲೋಮೀಟರ್ ದೂರವಿದ್ದು, ಅದರಲ್ಲಿ ಕೊನೆಯ ಎರಡು ಕಿಲೋಮೀಟರ್ ಮಣ್ಣಿನ ಏರುದಾರಿ. ಆರು ವರ್ಷ ಈ ದಾರಿಯಲ್ಲಿ 110 ಸಿಸಿ ಪೆಟ್ರೋಲ್ ಸ್ಕೂಟರಿನಲ್ಲಿ ಓಡಾಡಿದ ನಾನು 2024ರ ನವೆಂಬರಿನಲ್ಲಿ 3 ಕಿಲೋವ್ಯಾಟ್ ಅವರ್ (ಅಂದರೆ 3 ಯೂನಿಟ್ ವಿದ್ಯುತ್ ಹಿಡಿಯುವ) ಬ್ಯಾಟರಿಯ ವಿದ್ಯುತ್ ಸ್ಕೂಟರನ್ನು ಕೊಂಡೆ. ಹಳೆಯದನ್ನು ತಮ್ಮ ಉಳಿಸಿಕೊಂಡದ್ದರಿಂದ ಎರಡನ್ನೂ ಒಂದೇ ರಸ್ತೆಯಲ್ಲಿ, ಎಲ್ಲ ಕಾಲದಲ್ಲೂ ಓಡಿಸಿ ಖರ್ಚನ್ನು ಬರೆದಿಡುವ ಅವಕಾಶ ಸಿಕ್ಕಿತು.

ದಿನಕ್ಕೆ 36 ಕಿಲೋಮೀಟರಿನಂತೆ ತಿಂಗಳಿಗೆ 25 ದಿನ ಓಡಾಡಿದರೆ 900 ಕಿಲೋಮೀಟರ್ ಆಗುತ್ತದೆ. ಪೆಟ್ರೋಲ್ ಸ್ಕೂಟರ್ ಲೀಟರಿಗೆ 45 ಕೊಡುತ್ತದೆ. 20 ಲೀಟರಿಗೆ 103ರ ದರದಲ್ಲಿ 2,060 ರೂಪಾಯಿ. ವಿದ್ಯುತ್ ಸ್ಕೂಟರ್ ಪೂರ್ತಿ ಚಾರ್ಜಿಗೆ ನಮ್ಮ ಏರಿಳಿತದಲ್ಲಿ 85 ಕಿಲೋಮೀಟರ್ ಓಡುತ್ತದೆ, ಅದಕ್ಕೆ ಗೋಡೆಯ ಪ್ಲಗ್ಗಿನಿಂದ ಸುಮಾರು 3.4 ಯೂನಿಟ್ ಎಳೆಯುತ್ತದೆ. ಅಂದರೆ ತಿಂಗಳಿಗೆ 36 ಯೂನಿಟ್. ತೆರಿಗೆಯೆಲ್ಲ ಸೇರಿ ಯೂನಿಟ್ಟಿಗೆ 7 ರೂಪಾಯಿ ಹಿಡಿದರೂ 252 ರೂಪಾಯಿ.

ಇಲ್ಲಿ ಗೃಹಜ್ಯೋತಿಯ ಲೆಕ್ಕವನ್ನು ಮರೆಯಬಾರದು. ಸ್ಕೂಟರನ್ನು ಉಚಿತ ವಿದ್ಯುತ್ತಿನಲ್ಲಿ ಓಡಿಸಬಹುದೆಂದು ಹೇಳುವವರು ಹಲವರಿದ್ದಾರೆ, ಆದರೆ ಉಚಿತ ಮಿತಿ ಎಲ್ಲರಿಗೂ 200 ಯೂನಿಟ್ ಅಲ್ಲ. ನಮ್ಮಂಥ ಮನೆಗಳಿಗೆ ಯೋಜನೆ ಶುರುವಾಗುವ ಹಿಂದಿನ ವರ್ಷದ, ಅಂದರೆ 2022–23ರ, ಸರಾಸರಿ ಬಳಕೆಗೆ ಶೇಕಡಾ 10 ಸೇರಿಸಿ ಅದನ್ನು ನಿಗದಿ ಮಾಡಿದ್ದಾರೆ. ನಮ್ಮ ಸರಾಸರಿ 75 ಇತ್ತು, ಮಿತಿ 82 ಆಯಿತು. ಸ್ಕೂಟರ್ ಬಂದ ಮೇಲೆ ಬಳಕೆ 110 ದಾಟಿದ್ದರಿಂದ ಹೆಚ್ಚುವರಿ ಯೂನಿಟ್ಟುಗಳಿಗೆ ಹಣ ಕಟ್ಟುತ್ತಿದ್ದೇವೆ. ಮೊದಲೇ 170–180 ಯೂನಿಟ್ ಬಳಸುವ ಮನೆಯವರು ಇನ್ನೂ ಎಚ್ಚರವಾಗಿರಬೇಕು, ಏಕೆಂದರೆ ಒಟ್ಟು 200 ದಾಟಿದರೆ ಇಡೀ ಬಿಲ್ಲನ್ನೇ ಕಟ್ಟಬೇಕಾಗುತ್ತದೆ.

ಕೊಳ್ಳುವಾಗ ಕೇಂದ್ರ ಸರ್ಕಾರದ ಪಿಎಂ ಇ-ಡ್ರೈವ್ ಯೋಜನೆಯಲ್ಲಿ ಆಗ ಸಿಗುತ್ತಿದ್ದ 10,000 ರೂಪಾಯಿ ಸಹಾಯಧನ ಕಳೆದ ಮೇಲೂ ವಿದ್ಯುತ್ ಸ್ಕೂಟರ್ ಹೊಸ ಪೆಟ್ರೋಲ್ ಸ್ಕೂಟರಿಗಿಂತ 26,000 ರೂಪಾಯಿ ದುಬಾರಿಯಾಗಿತ್ತು. ಅದರ ಮೇಲೆ ಯಾರೂ ಮೊದಲೇ ಹೇಳದ ಇನ್ನೊಂದು ಖರ್ಚು ಬಂತು. ಮೊದಲ ದಿನ ಪ್ಲಗ್ ಹಾಕಿದೊಡನೆ ಚಾರ್ಜರಿನಲ್ಲಿ ಕೆಂಪು ದೀಪ ಹತ್ತಿತು, ಚಾರ್ಜ್ ಏರಲೇ ಇಲ್ಲ. ಎಲೆಕ್ಟ್ರಿಷಿಯನ್ ಬಂದು ನೋಡಿದರೆ ಹಳೆಯ ಮನೆಯ ಅರ್ಥಿಂಗ್ ಎಂಬುದು ಜಂಬಿಟ್ಟಿಗೆ ನೆಲಕ್ಕೆ ಹೊಡೆದ ಒಂದು ತುಕ್ಕು ಹಿಡಿದ ಸರಳಷ್ಟೇ ಆಗಿತ್ತು. ಬಚ್ಚಲಿನ ಹಿಂದೆ, ಸದಾ ತೇವವಿರುವಲ್ಲಿ ಆಳವಾದ ಗುಂಡಿ ತೆಗೆದು, ಕಬ್ಬಿಣದ ಪೈಪ್ ನಿಲ್ಲಿಸಿ, ಸುತ್ತ ಇದ್ದಿಲು ಮತ್ತು ಕಲ್ಲುಪ್ಪನ್ನು ಪದರಪದರವಾಗಿ ತುಂಬಿ ನೀರು ಹೊಯ್ದೆವು. ಜಗುಲಿಗೆ 15 ಆಂಪಿಯರ್ ಪ್ಲಗ್ಗಿನ ಪ್ರತ್ಯೇಕ ವೈರಿಂಗ್ ಸೇರಿ 6,500 ರೂಪಾಯಿ ಆಯಿತು. ಹೀಗೆ ಹೆಚ್ಚುವರಿಯಾಗಿ ಹಾಕಿದ 32,500 ರೂಪಾಯಿ, ತಿಂಗಳಿಗೆ 1,800ರ ಉಳಿತಾಯದಲ್ಲಿ ಹದಿನೆಂಟು ತಿಂಗಳಿಗೆ ಹಿಂದಿರುಗುತ್ತದೆ. ಎಂಜಿನ್ ಆಯಿಲಿನ ಖರ್ಚು ಇಲ್ಲದಿರುವುದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಬ್ಯಾಟರಿಗೆ 8 ವರ್ಷ ಅಥವಾ 80,000 ಕಿಲೋಮೀಟರಿನ ವಾರಂಟಿ ಇದ್ದು, ನನ್ನ ಓಡಾಟಕ್ಕೆ ಅದು ಏಳೂವರೆ ವರ್ಷ ಬರುತ್ತದೆ.

ಓಡಿಸುವ ಸುಖದಲ್ಲಿ ವಿದ್ಯುತ್ ಸ್ಕೂಟರೇ ಮೇಲು. ಐವತ್ತು ಕಿಲೋ ಗೊಬ್ಬರದ ಚೀಲವನ್ನು ಕಾಲ ಬಳಿ ಇಟ್ಟುಕೊಂಡು ಮನೆಯ ಏರನ್ನು ಹತ್ತುವಾಗ ಪೆಟ್ರೋಲ್ ಸ್ಕೂಟರ್ ಏದುಸಿರು ಬಿಡುತ್ತದೆ, ಇದು ಸಲೀಸಾಗಿ ಹತ್ತುತ್ತದೆ. ಆಗುಂಬೆ ಘಾಟಿಯಲ್ಲೂ ನೋಡಿದೆ: ಹದಿನಾಲ್ಕು ತಿರುವುಗಳನ್ನು ಇಳಿದು ಸೋಮೇಶ್ವರ ಸೇರುವಾಗ ಚಾರ್ಜ್ ಶೇಕಡಾ 2 ಮಾತ್ರ ಇಳಿಯಿತು, ಹಿಂದಿರುಗಿ ಹತ್ತುವಾಗ 22 ಇಳಿಯಿತು. ಇಳಿಜಾರಿನಲ್ಲಿ ಮೋಟಾರೇ ವೇಗವನ್ನು ಹಿಡಿದು ಬ್ಯಾಟರಿಗೆ ಒಂದಿಷ್ಟು ವಿದ್ಯುತ್ತನ್ನು ಮರಳಿಸುತ್ತದೆ. ಆದರೆ ಬ್ಯಾಟರಿ ಪೂರ್ತಿ ತುಂಬಿದ್ದರೆ ಈ ಹಿಡಿತ ಸಿಗುವುದಿಲ್ಲ. ಬೆಳಿಗ್ಗೆ ನೂರಕ್ಕೆ ನೂರು ತುಂಬಿಸಿ ಮನೆಯ ಇಳಿಜಾರಿಗೆ ಇಳಿದಾಗ ಸ್ಕೂಟರ್ ನಿರೀಕ್ಷೆ ಮೀರಿ ಓಡಿ ಒಮ್ಮೆ ಗಾಬರಿಯಾದ ಮೇಲೆ ನಾನು 90ಕ್ಕೇ ನಿಲ್ಲಿಸುತ್ತೇನೆ.

ಮಳೆಗಾಲದಲ್ಲಿ ಮಾತ್ರ ಪೆಟ್ರೋಲ್ ಸ್ಕೂಟರೇ ಕೈಹಿಡಿಯುತ್ತದೆ. ನೀರಿಗೆ ಹೆದರಬೇಕಾದ ಕಾರಣವಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೆನೆದರೂ ಮೋಟಾರಿಗಾಗಲಿ ಬ್ಯಾಟರಿಗಾಗಲಿ ಏನೂ ಆಗಲಿಲ್ಲ. ತೊಂದರೆ ಇರುವುದು ತಂತಿಯಲ್ಲಿ. ಕಳೆದ ಜುಲೈನಲ್ಲಿ ಮರ ಬಿದ್ದು ಲೈನ್ ಹರಿದಾಗ ಸತತ ಮೂರು ರಾತ್ರಿ ಕರೆಂಟ್ ಇರಲಿಲ್ಲ. ಎರಡು ದಿನ ಇದ್ದ ಚಾರ್ಜಿನಲ್ಲೇ ಹೋಗಿ ಬಂದೆ, ಮೂರನೆಯ ದಿನ ತಮ್ಮನ ಸ್ಕೂಟರನ್ನು ಕೇಳಿ ಪಡೆಯಬೇಕಾಯಿತು. ಮನೆಯ ಇನ್ವರ್ಟರ್ ಇಂಥ ಚಾರ್ಜರನ್ನು ನಾಲ್ಕು ಗಂಟೆ ಹೊರುವಂಥದ್ದಲ್ಲ. ಬೇಸಿಗೆಯಲ್ಲೂ ತೋಟಗಳ ಪಂಪ್‌ಸೆಟ್‌ಗಳೆಲ್ಲ ಒಟ್ಟಿಗೆ ಚಾಲೂ ಆದಾಗ ವೋಲ್ಟೇಜ್ ಕುಸಿದು ಚಾರ್ಜರ್ ನಡುವೆಯೇ ನಿಲ್ಲುತ್ತದೆ, ಆದ್ದರಿಂದ ರಾತ್ರಿ ಹನ್ನೊಂದರ ಮೇಲೆಯೇ ಪ್ಲಗ್ ಹಾಕುವುದು ರೂಢಿಯಾಗಿದೆ.

ಶಿವಮೊಗ್ಗಕ್ಕಂತೂ ಪೆಟ್ರೋಲಿನದೇ ಸರಿ. ಮನೆಯಿಂದ 78 ಕಿಲೋಮೀಟರ್; ಒಮ್ಮೆ ಹಟಕ್ಕೆ ಬಿದ್ದು ಹೊರಟಾಗ ಮಂಡಗದ್ದೆ ದಾಟಿ ಗಾಜನೂರಿಗೆ ಬರುವಷ್ಟರಲ್ಲಿ ಶೇಕಡಾ 20 ಉಳಿದಿತ್ತು. ನಗರದ ನೆಂಟರ ಮನೆಯಲ್ಲಿ ಮಧ್ಯಾಹ್ನವಿಡೀ ಚಾರ್ಜಿಗೆ ಹಾಕಿ, ಸಂಜೆ ಮಾಡಬೇಕಿದ್ದ ಕೆಲಸವನ್ನು ಬಿಟ್ಟು ಬಂದೆ.

ತಮ್ಮನ ಸ್ಕೂಟರಿಗೆ ಈಗ ಏಳು ವರ್ಷ ದಾಟಿದ್ದು, ಬದಲಿಸುವ ಮಾತು ನಡೆದಿದೆ. ನಿತ್ಯದ ಓಡಾಟಕ್ಕೆ ನನ್ನ ವಿದ್ಯುತ್ ಸ್ಕೂಟರ್ ಇರುವುದರಿಂದ ಅವನಿಗೆ ಮತ್ತೆ ಪೆಟ್ರೋಲಿನದನ್ನೇ ತೆಗೆದುಕೊಳ್ಳುವಂತೆ ಹೇಳಿದ್ದೇನೆ. ನಮ್ಮ ಊರಿನ ಲೈನ್ ಮಳೆಗಾಲದಲ್ಲಿ ಒಂದು ರಾತ್ರಿಯೊಳಗೆ ದುರಸ್ತಿಯಾಗುವ ಸ್ಥಿತಿಗೆ ಬರುವವರೆಗೆ ಮನೆಯ ಎರಡೂ ವಾಹನಗಳನ್ನು ಅದೊಂದೇ ತಂತಿಗೆ ಕಟ್ಟಲು ನನಗೆ ಧೈರ್ಯವಿಲ್ಲ.