ಕಪ್ಪು ಕಾರಿಗೆ ಯಾವ ಬೆಳಕು: ಫ್ಲ್ಯಾಶ್ ಮತ್ತು ಎಲ್‌ಇಡಿ ದಂಡದ ಹೋಲಿಕೆ

ಕೆಜಿಎಫ್‌ನ ಸೈನೈಡ್ ದಿಬ್ಬಗಳು (ಚಿನ್ನ ತೆಗೆದ ಮೇಲೆ ಉಳಿದ ಅದಿರಿನ ಪುಡಿಯ ಗುಡ್ಡೆಗಳು) ಹಿನ್ನೆಲೆಯಲ್ಲಿ ಕಾಣುವಂತೆ ಒಂದು ಕಪ್ಪು ಸೆಡಾನ್ ಕಾರಿನ ಚಿತ್ರ ಬೇಕೆಂದು ನಿಯತಕಾಲಿಕೆಯೊಂದು ಕೇಳಿತ್ತು. ಎರಡು ಪುಟಗಳಿಗೆ ಹರಡುವ ಚಿತ್ರವಾದ್ದರಿಂದ ಹಲವು ಫ್ರೇಮ್‌ಗಳನ್ನು ಬೆಸೆದೇ ಮಾಡಬೇಕೆಂಬುದು ಮೊದಲೇ ತೀರ್ಮಾನವಾಗಿತ್ತು. ಆ ಫ್ರೇಮ್‌ಗಳಿಗೆ ಬೆಳಕು ಕೊಡುವುದು ಸಾಫ್ಟ್‌ಬಾಕ್ಸ್ (ಬೆಳಕನ್ನು ಮೃದುವಾಗಿಸುವ ಬಟ್ಟೆಯ ಪೆಟ್ಟಿಗೆ) ತೊಡಿಸಿದ ಫ್ಲ್ಯಾಶಿನಿಂದಲೋ, ಕೈಯಲ್ಲಿ ಹಿಡಿದು ನಡೆಯುವ ಎಲ್‌ಇಡಿ ದಂಡದಿಂದಲೋ ಎಂಬುದು ಮಾತ್ರ ಬಾಕಿಯಿತ್ತು. ಫೆಬ್ರವರಿಯ ಒಂದೇ ಸಂಜೆ, ಟ್ರೈಪಾಡನ್ನು ಕೂದಲೆಳೆಯಷ್ಟೂ ಕದಲಿಸದೆ, ಎರಡನ್ನೂ ಮಾಡಿ ನೋಡಿದೆ.

ಗಣಿ 2001ರಲ್ಲಿ ಮುಚ್ಚಿದ ಮೇಲೂ ಊರಿನ ಅಂಚಿನಲ್ಲಿ ಉಳಿದಿರುವ ಆ ಬೂದು ಬಣ್ಣದ ದಿಬ್ಬಗಳು ಚಿತ್ರಕ್ಕೆ ಎಷ್ಟು ಚೆನ್ನವೋ ಕಾರಿಗೆ ಅಷ್ಟೇ ಶತ್ರು. ಗಾಳಿ ಎದ್ದರೆ ಸಾಕು, ನುಣ್ಣನೆಯ ಧೂಳು ಬಾನೆಟ್ಟಿನ ಮೇಲೆ ಕೂರುತ್ತದೆ. ಕಪ್ಪು ಕಾರಿನ ಮೇಲೆ ಅದು ರಂಗೋಲಿ ಹಿಟ್ಟು ಚೆಲ್ಲಿದಂತೆ ಕಾಣುತ್ತದೆ. ನಮ್ಮ ಸಹಾಯಕರಲ್ಲಿ ಒಬ್ಬರ ಕೆಲಸ ಸಂಜೆಯುದ್ದಕ್ಕೂ ಮೈಕ್ರೋಫೈಬರ್ ಬಟ್ಟೆ ಹಿಡಿದು ಒರೆಸುವುದೇ ಆಗಿತ್ತು.

ಸೂರ್ಯ ಮುಳುಗಿದ್ದು ಸುಮಾರು 6:20ಕ್ಕೆ. ಅದಾದ ಕೂಡಲೇ ಫ್ಲ್ಯಾಶಿನ ಸರದಿ. ಕ್ಯಾಮೆರಾವನ್ನು ಐಎಸ್‌ಒ (ಬೆಳಕಿಗೆ ಸಂವೇದನೆ) 100, ಮಸೂರದ ತೆರಪನ್ನು ಎಫ್/8, ವೇಗವನ್ನು ಸೆಕೆಂಡಿನ 1/125ಕ್ಕೆ ಇಟ್ಟು, 120 ಸೆಂಟಿಮೀಟರ್ ಸಾಫ್ಟ್‌ಬಾಕ್ಸನ್ನು ಉದ್ದನೆಯ ಕೋಲಿಗೆ ಕಟ್ಟಿ, ಒಮ್ಮೆ ಬಾನೆಟ್ಟಿನ ಮೇಲೆ, ಒಮ್ಮೆ ಮುಂಬಾಗಿಲಿಗೆ, ಒಮ್ಮೆ ಚಕ್ರಕ್ಕೆ ಎಂದು ಸರಿಸುತ್ತ 40 ಫ್ರೇಮ್ ತೆಗೆದೆವು. ಈ ವಿಧಾನದ ದೊಡ್ಡ ಗುಣವೆಂದರೆ ಅದರ ಶಿಸ್ತು: ಒಂದು ಫ್ರೇಮಿಗೂ ಇನ್ನೊಂದಕ್ಕೂ ಬೆಳಕಿನ ಪ್ರಮಾಣ ಬದಲಾಗುವುದಿಲ್ಲ, ತಪ್ಪಿದ್ದನ್ನು ಹಾಗೆಯೇ ಮತ್ತೆ ತೆಗೆಯಬಹುದು, ಆಕಾಶದಲ್ಲಿ ಇನ್ನೂ ಬೆಳಕಿದ್ದರೂ ಫ್ಲ್ಯಾಶು ಅದನ್ನು ಮೀರಿ ನಿಲ್ಲುತ್ತದೆ, ಗಾಳಿಗೆ ಅಲ್ಲಾಡುವ ಹುಲ್ಲು ಕೂಡ ಚೂಪಾಗಿ ದಾಖಲಾಗುತ್ತದೆ.

ಆದರೆ ತೊಂದರೆ ಇರುವುದು ಕಾರಿನ ಮೈಯಲ್ಲಿ. ಹೊಳೆಯುವ ಬಣ್ಣ ಬಟ್ಟೆಯ ಹಾಗೆ ಬೆಳಕನ್ನು ಹೀರಿ ತೋರಿಸುವುದಿಲ್ಲ, ಕನ್ನಡಿಯ ಹಾಗೆ ಎದುರಿಗಿರುವ ವಸ್ತುವನ್ನೇ ತೋರಿಸುತ್ತದೆ. ಹಾಗಾಗಿ ನಾವು ಬೆಳಗಿಸುವುದು ಕಾರನ್ನಲ್ಲ, ಕಾರಿನಲ್ಲಿ ಪ್ರತಿಫಲಿಸುವ ವಸ್ತುವನ್ನು. ನಾಲ್ಕೂವರೆ ಮೀಟರ್ ಉದ್ದದ ಕಾರಿನ ಪಕ್ಕದಲ್ಲಿ ಒಂದು ಮೀಟರ್ ಚಿಲ್ಲರೆಯ ಸಾಫ್ಟ್‌ಬಾಕ್ಸ್ ಹಿಡಿದರೆ ಬಾಗಿಲಿನಲ್ಲಿ ಕಾಣುವುದು ಒಂದು ಬಿಳಿ ತೇಪೆ, ಅದರ ಅಂಚು ಕತ್ತರಿಸಿದಷ್ಟು ಸ್ಪಷ್ಟ. ಅಂಥ ಐದಾರು ತೇಪೆಗಳನ್ನು ಮೇಜಿನ ಮುಂದೆ ಕುಳಿತು ಫೋಟೊಶಾಪಿನಲ್ಲಿ ಒಂದೇ ಗೆರೆಯಾಗಿ ಹೊಲಿಯುವುದು ಸಾಧ್ಯ. ಹೊಲಿದಿದ್ದೇನೆ ಕೂಡ. ಆದರೂ ಕಾರಿನ ಭುಜದ ಗೆರೆ (ಕಿಟಕಿಗಳ ಕೆಳಗೆ ಉದ್ದಕ್ಕೂ ಸಾಗುವ ಅಂಚು) ಬಾಗಿಲಿನಿಂದ ಬಾಗಿಲಿಗೆ ದಾಟುವ ಕಡೆಯಲ್ಲಿ ಎಲ್ಲೋ ಒಂದು ಕಡೆ ಅದು ಮುಗ್ಗರಿಸುತ್ತದೆ, ಮತ್ತು ಕಾರನ್ನು ವಿನ್ಯಾಸ ಮಾಡಿದವರ ಕಣ್ಣಿಗೆ ಮೊದಲು ಬೀಳುವುದು ಅದೇ ಜಾಗ.

ಎಲ್‌ಇಡಿ ದಂಡ ಈ ತೊಂದರೆಯನ್ನು ಬುಡದಲ್ಲಿಯೇ ಪರಿಹರಿಸುತ್ತದೆ. 6:40 ದಾಟಿದ ಮೇಲೆ ಅದೇ ಟ್ರೈಪಾಡಿನಲ್ಲಿ ಎಫ್/11, 8 ಸೆಕೆಂಡ್ ಎಂದು ಬದಲಿಸಿಕೊಂಡು, ಕಪ್ಪು ಅಂಗಿ ತೊಟ್ಟ ಸಹಾಯಕರು ಹಗಲಿನ ಬೆಳಕಿನ ಬಣ್ಣಕ್ಕೆ, ಅಂದರೆ 5600 ಕೆಲ್ವಿನ್‌ಗೆ, ಹೊಂದಿಸಿದ ದಂಡವನ್ನು ಅಡ್ಡಡ್ಡವಾಗಿ ಹಿಡಿದು ಮುಂಬದಿಯಿಂದ ಹಿಂಬದಿಯವರೆಗೆ ಒಂದೇ ಎತ್ತರದಲ್ಲಿ ನಡೆದಾಗ, ದೀಪ ಚಲಿಸಿದ ದಾರಿಯೆಲ್ಲ ಸೇರಿ ಒಂದೇ ಉದ್ದನೆಯ ದೀಪವಾಗಿ ಬಾಗಿಲುಗಳಲ್ಲಿ ಪ್ರತಿಫಲಿಸುತ್ತದೆ. ಭುಜದ ಗೆರೆ ಎಳೆ ಹರಿಯದೆ ಹೋಗುತ್ತದೆ. ಎಂಟು ಸೆಕೆಂಡಿನ ಆ ಒಂದು ಫ್ರೇಮ್ ನೋಡಿದಾಗ ಫ್ಲ್ಯಾಶಿನ ಹತ್ತು ಫ್ರೇಮ್‌ಗಳನ್ನು ಮರೆಯಬಹುದು ಅನ್ನಿಸಿತು.

ಇದಕ್ಕೆ ತೆರಬೇಕಾದ ಬೆಲೆ ಸಮಯ. ಆಕಾಶದಲ್ಲಿ ನೀಲಿ ಉಳಿದಿರುವುದು ಇಪ್ಪತ್ತೇ ನಿಮಿಷ, ಅಷ್ಟರೊಳಗೆ ನಡಿಗೆ ತಪ್ಪಬಾರದು. ನಡೆಯುವವರ ಕೈ ಒಂದು ಗೇಣು ಇಳಿದರೆ ಗೆರೆಯೂ ಇಳಿಯುತ್ತದೆ. ದಂಡ ಕ್ಯಾಮೆರಾದ ಕಡೆ ಕೊಂಚ ತಿರುಗಿದರೂ ಆಕಾಶದ ಮೇಲೆ ಬಿಳಿ ಗೀರು ಬೀಳುತ್ತದೆ. ನಮ್ಮ 14 ಫ್ರೇಮ್‌ಗಳಲ್ಲಿ ಬಳಸಲು ಯೋಗ್ಯವಾಗಿದ್ದವು ಆರು. ಚಕ್ರಗಳ ವಿಷಯದಲ್ಲಂತೂ ದಂಡ ಸೋತಿತು: ಅಲಾಯ್ ಚಕ್ರದ ಕಡ್ಡಿಗಳ ನಡುವಿನ ಆಳಕ್ಕೆ ಇಳಿದು ಬ್ರೇಕ್ ಡಿಸ್ಕನ್ನು ತೋರಿಸುವ ಖಚಿತತೆ ಫ್ಲ್ಯಾಶಿಗಿದೆ, ಅಡ್ಡಾಡುವ ಬೆಳಕಿಗಿಲ್ಲ.

ಎರಡೂ ವಿಧಾನಗಳನ್ನು ಸಮಾನವಾಗಿ ಕೆಡಿಸುವ ಸಂಗತಿಯೊಂದಿದೆ. ಸಂಜೆಯ ನಡುವೆ ಯಾರೋ ಬಾಗಿಲು ತೆರೆದು ಸೀಟಿನ ಮೇಲಿದ್ದ ನೀರಿನ ಬಾಟಲಿ ತೆಗೆದರು. ಕಾರು ಸಸ್ಪೆನ್ಷನ್ ಮೇಲೆ ನಿಂತಿರುವ ವಸ್ತು; ಅವರು ಒರಗಿ ಎದ್ದಾಗ ಅದು ಮೊದಲಿನ ಎತ್ತರಕ್ಕೇ ಮರಳಲಿಲ್ಲ. ಆ ಕ್ಷಣಕ್ಕೆ ಮೊದಲಿನ ಫ್ರೇಮ್‌ಗಳೂ ನಂತರದವೂ ನಾಲ್ಕೈದು ಪಿಕ್ಸೆಲ್ ಹೊಂದದೆ ಹೋದವು. ಅಂದಿನಿಂದ ಕೀಲಿ ನನ್ನ ಜೇಬಿನಲ್ಲಿಯೇ ಇರುತ್ತದೆ.

ಗಾಜುಗಳಿಗೆ ಪೋಲರೈಸರ್ (ತಿರುಗಿಸಿ ಪ್ರತಿಫಲನ ತಗ್ಗಿಸುವ ಫಿಲ್ಟರ್) ಬೇಕೇ ಬೇಕು, ಆದರೆ ಒಂದೇ ತಿರುವಿನಲ್ಲಿ ಮುಂದಿನ ಗಾಜೂ ಬಾನೆಟ್ಟೂ ಶುದ್ಧವಾಗುವುದಿಲ್ಲ. ಎರಡು ತಿರುವುಗಳಲ್ಲಿ ಎರಡು ಫ್ರೇಮ್ ತೆಗೆದು ಸೇರಿಸಬೇಕು. ಪಕ್ಕದ ಕಿಟಕಿಗಳ ಗಡಸು ಗಾಜಿನಲ್ಲಿ ಅದು ಚುಕ್ಕೆ ಚುಕ್ಕೆಯ ವಿನ್ಯಾಸ ಮೂಡಿಸುವುದರಿಂದ ಅಲ್ಲಿಗೆ ಪೋಲರೈಸರ್ ಇಲ್ಲದ ಮೂರನೆಯ ಫ್ರೇಮ್. ಹೆಡ್‌ಲೈಟಿಗೆ ಕ್ಷಣಮಾತ್ರದ ಪ್ರತ್ಯೇಕ ಫ್ರೇಮ್ ಇರಲೇಬೇಕು, ಇಲ್ಲದಿದ್ದರೆ ಎಂಟು ಸೆಕೆಂಡಿನಲ್ಲಿ ಅದು ಬರಿಯ ಬಿಳಿ ಕುಳಿಯಾಗುತ್ತದೆ.

ಮೇಜಿನ ಮುಂದಿನ ಲೆಕ್ಕದಲ್ಲಿ ವ್ಯತ್ಯಾಸ ಇನ್ನೂ ಸ್ಪಷ್ಟ. ಎರಡು ಎ4 ಪುಟಗಳ ಹರಹಿಗೆ 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕೆ) ಬೇಕಾಗುವುದು ಸುಮಾರು 4960 ಅಡ್ಡ, 3510 ಉದ್ದದ ಪಿಕ್ಸೆಲ್‌ಗಳು, ಅಂದರೆ 17 ಮೆಗಾಪಿಕ್ಸೆಲ್ ಚಿಲ್ಲರೆ. 24 ಮೆಗಾಪಿಕ್ಸೆಲ್ ಕ್ಯಾಮೆರಾ ಧಾರಾಳವಾಯಿತು. ಆದರೆ 16 ಬಿಟ್ ಬಣ್ಣದಲ್ಲಿ ಅಂಥ ಒಂದೊಂದು ಫ್ರೇಮಿನ ಪದರವೂ 144 ಎಂಬಿ ತೂಗುತ್ತದೆ. ಫ್ಲ್ಯಾಶಿನ 40 ಪದರಗಳನ್ನು ಒಟ್ಟಿಗೆ ಇಟ್ಟರೆ ಫೋಟೊಶಾಪಿನ ಪಿಎಸ್‌ಡಿ ಕಡತದ 2 ಜಿಬಿ ಮಿತಿ ಎಂದೋ ದಾಟಿರುತ್ತದೆ, ದೊಡ್ಡ ಕಡತಗಳಿಗೆಂದೇ ಇರುವ ಪಿಎಸ್‌ಬಿಗೆ ಹೋಗಬೇಕು. ಎಲ್‌ಇಡಿಯ ಆರು ಪದರಗಳನ್ನು ಲೈಟನ್ ಮೋಡಿನಲ್ಲಿ ಒಂದರ ಮೇಲೊಂದು ಇಟ್ಟಾಗ ಎರಡರಲ್ಲಿ ಹೆಚ್ಚು ಬೆಳಗಿದ ಪಿಕ್ಸೆಲ್ಲೇ ಉಳಿಯುವುದರಿಂದ ಅರ್ಧ ಚಿತ್ರ ತಾನಾಗಿಯೇ ಕೂಡಿಕೊಂಡಿತು. ನನಗೆ ಫ್ಲ್ಯಾಶಿನ ಆವೃತ್ತಿಗೆ ಒಂದು ಇಡೀ ದಿನ ಹಿಡಿಯಿತು, ದಂಡದ್ದು ಮಧ್ಯಾಹ್ನದ ಊಟಕ್ಕೆ ಮೊದಲೇ ಮುಗಿಯಿತು.

ಕೊನೆಗೆ ನಿಯತಕಾಲಿಕೆಗೆ ಕಳಿಸಿದ ಚಿತ್ರದಲ್ಲಿ ಕಾರಿನ ಮೈ ದಂಡದ್ದು, ನಾಲ್ಕೈದು ಪಿಕ್ಸೆಲ್ ಸರಿಸಿ ಕೂರಿಸಿದ ಚಕ್ರಗಳು ಫ್ಲ್ಯಾಶಿನವು, ಆಕಾಶ ಎರಡೂ ಸರದಿಗಳ ನಡುವೆ ಬಿಡುವಿನಲ್ಲಿ ತೆಗೆದದ್ದು. ಪುಟಗಳು ಕೂಡುವ ಮಡಿಕೆ ಹೆಡ್‌ಲೈಟಿನ ಮೇಲೆ ಬೀಳದಂತೆ ಕಾರನ್ನು ಎಡಕ್ಕೆ ಇಟ್ಟಿದ್ದೆವು. ಮುಂದಿನ ಕೆಲಸ ಬಿಳಿ ಕಾರಿನದು. ಬಿಳಿ ಬಣ್ಣದಲ್ಲಿ ಪ್ರತಿಫಲನ ಅಷ್ಟಾಗಿ ಎದ್ದು ಕಾಣುವುದಿಲ್ಲ, ತೇಪೆಯ ಅಂಚೂ ಕಾಡುವುದಿಲ್ಲ. ಅದಕ್ಕೆ ದಂಡವನ್ನು ಮನೆಯಲ್ಲೇ ಬಿಟ್ಟು ಸಾಫ್ಟ್‌ಬಾಕ್ಸನ್ನು ಮಾತ್ರ ಒಯ್ಯುತ್ತೇನೆ.