ಹಾಸಿಗೆ ಹಿಡಿದವರ ಸ್ನಾನ: ಬೇಸಿನ್ ನೀರೋ, ವೈಪ್ಸೋ?

ಬೇಸಿನ್‌ನಲ್ಲಿ ಬಿಸಿನೀರು, ಸೋಪು, ಮೆತ್ತನೆ ಬಟ್ಟೆ: ಖರ್ಚು ಕಡಿಮೆ, ಬೆವರಿನ ಜಿಗುಟು, ಮಲಮೂತ್ರದ ಕೊಳೆ ಚೆನ್ನಾಗಿ ಹೋಗುತ್ತದೆ. ನೀರು ಸುಮಾರು 40 ಡಿಗ್ರಿ ಸಾಕು. ಮುಖದಿಂದ ಶುರು, ಗುಪ್ತಾಂಗ ಕೊನೆಗೆ, ಅದೂ ಮುಂದಿನಿಂದ ಹಿಂದಕ್ಕೆ. ನಡುವೆ ನೀರು ಬದಲಿಸಲೇಬೇಕು. ಸೋಪು ಮೈಮೇಲೆ ಉಳಿದರೆ ವಯಸ್ಸಾದವರ ಚರ್ಮ ಒಣಗಿ ತುರಿಸುತ್ತದೆ. ಬೇಸಿನ್ ತೊಳೆದು ಒಣಗಿಸದಿದ್ದರೆ ಅದರಲ್ಲೇ ರೋಗಾಣು ಬೆಳೆಯುತ್ತವೆ. ಇಷ್ಟೆಲ್ಲಕ್ಕೆ ಇನ್ನೊಬ್ಬರ ಕೈ ಬೇಕಾಗುತ್ತದೆ.

ವೈಪ್ಸ್ (ಒದ್ದೆಯಾಗಿಯೇ ಬರುವ, ಒರೆಸಿ ಬಿಸಾಡುವ ಹಾಳೆ) ಆದರೆ ಹಾಸಿಗೆ ನೆನೆಯುವುದಿಲ್ಲ, ಒರೆಸಿದ ಮೇಲೆ ಮೈ ತೊಳೆಯುವ ಗೋಜಿಲ್ಲ. ದಿನವೂ ಕೊಂಡರೆ ಮಾತ್ರ ಜೇಬಿಗೆ ಭಾರ. ಮಗುವಿನ ವೈಪ್ಸ್ ತೀರಾ ಚಿಕ್ಕದು. ದೊಡ್ಡವರ ಬಾತ್ ವೈಪ್ಸ್, ಸುಗಂಧವಿಲ್ಲದ್ದು ಕೇಳಿ. ಮೈಯ ಒಂದೊಂದು ಭಾಗಕ್ಕೆ ಹೊಸದು ಬಳಸಿ, ಕಮೋಡಿಗೆ ಹಾಕಬೇಡಿ. ಐಸಿಯುಗಳಲ್ಲಿ ಬಳಸುವ ಕ್ಲೋರ್‌ಹೆಕ್ಸಿಡಿನ್ (ರೋಗಾಣು ಕೊಲ್ಲುವ ಔಷಧಿ) ವೈಪ್ಸ್ ಬೇರೆಯೇ, ವೈದ್ಯರು ಹೇಳದೆ ತರಬೇಡಿ.

ನನ್ನನ್ನು ಕೇಳಿದರೆ, ಹೊರಳಿಸಿದರೆ ನೋಯುವವರಿಗೆ, ಚಳಿಗೆ ನಡುಗುವವರಿಗೆ ವೈಪ್ಸ್. ಬಟ್ಟೆಯಲ್ಲೇ ಮಲ ಹೋದ ದಿನ ನೀರೇ ಸರಿ. ಎರಡರಲ್ಲೂ ಪರದೆ ಎಳೆದು, ಒರೆಸುವ ಭಾಗವಷ್ಟೇ ತೆರೆಯಿರಿ. ಸೊಂಟದ ಹಿಂಭಾಗ, ಹಿಮ್ಮಡಿ ನೋಡಿ: ಬೆರಳಲ್ಲಿ ಒತ್ತಿದರೂ ಬಿಳಿಚದ ಕೆಂಪು ಕಂಡರೆ ಬೆಡ್‌ಸೋರ್ (ಮಲಗಿದಲ್ಲೇ ಒತ್ತಿ ಆಗುವ ಹುಣ್ಣು) ಶುರುವಾಗಿರಬಹುದು, ನರ್ಸಿಗೆ ತಿಳಿಸಿ.